ಹದ್ದಿನಹಟ್ಟಿಯ ಮೂರು ಒಗಟು

"ಕೇಳಿರಪ್ಪಾ ಕೇಳಿ! ದೇವರಸ ಮಹಾಸ್ವಾಮಿಗಳ ಅಪ್ಪಣೆ! ಅರಸರು ಕೇಳುವ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ. ಒಂದು ತಪ್ಪಿದರೂ ಅಮಾವಾಸ್ಯೆಯ ದಿನ ತಲೆದಂಡ!"

ಕಡವಿನಕೋಟೆಯ ಬೀದಿಬೀದಿಯಲ್ಲಿ ಡಂಗುರ ಹೊಡೆದರು. ಮೊದಲು ಬಂದವನು ಪಕ್ಕದ ಸೀಮೆಯ ದಳವಾಯಿ. ಅರಸ ಕೇಳಿದ: "ನೂರು ಜನ ಒಬ್ಬರ ಹೆಗಲ ಮೇಲೊಬ್ಬರು ನಿಂತಿದ್ದಾರೆ. ಮಣ್ಣು ಬೇಡಿಲ್ಲ, ನೀರು ಕುಡಿದಿಲ್ಲ. ನಡುವೆ ಗಾಳಿ ಓಡಾಡುತ್ತದೆ, ಅವರು ಮಾತ್ರ ಅಲುಗುವುದಿಲ್ಲ. ಯಾರವರು?"

"ಕೋಟೆ ಹತ್ತುವ ನನ್ನ ಸೈನಿಕರು" ಎಂದು ದಳವಾಯಿ ಮೀಸೆ ತಿರುವಿದ. ಅವನನ್ನು ಸೆರೆಗೆ ಒಯ್ದರು.

ಎರಡನೆಯವನು ಕಲ್ಲುಕುಟಿಗ. "ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆ" ಎಂದ. ಸಭೆ ತಲೆದೂಗಿತು. ಅರಸ ಎರಡನೆಯದನ್ನು ಕೇಳಿದ: "ಬಗ್ಗಿದವನನ್ನು ಬರಮಾಡಿಕೊಳ್ಳುತ್ತದೆ, ಎದೆ ಸೆಟೆಸಿದವನ ಹಣೆಗೆ ಹೊಡೆಯುತ್ತದೆ. ದೊರೆಗೂ ಕುರಿಮರಿಗೂ ಒಂದೇ ನ್ಯಾಯ. ಏನದು?"

ಕಲ್ಲುಕುಟಿಗ ಬಹಳ ಹೊತ್ತು ಬೆವರಿ, "ಸಾವು" ಎಂದ. ಅವನೂ ಸೆರೆಗೆ ಹೋದ.

ಈ ಸುದ್ದಿಯನ್ನೆಲ್ಲ ಸಂತೆಯಲ್ಲಿ ಮಂಡಕ್ಕಿ ಮಾರುವ ಹೆಂಗಸೊಬ್ಬಳು ಹೇಳುತ್ತಿದ್ದಾಗ, ಪಕ್ಕದಲ್ಲಿ ಜೇನಿನ ಗಡಿಗೆ ಇಟ್ಟುಕೊಂಡು ಕೂತಿದ್ದ ಮಾಳಿಂಗ ಎದ್ದು ನಿಂತ. ಅವನು ಹದ್ದಿನಬೆಟ್ಟದ ನೆತ್ತಿಯವನು. ಅಲ್ಲಿ ಇಪ್ಪತ್ತೆರಡು ಕಲ್ಲುಗುಡಿಸಲುಗಳ ಹಟ್ಟಿಯೊಂದಿತ್ತು. ಕುರಿ ಕಾಯುವವರು, ಜೇನು ಕೀಳುವವರು, ಗೆಡ್ಡೆಗೆಣಸು ಅಗೆಯುವವರು ಅಲ್ಲಿ ಬಾಳಿದ್ದರು. ಜ್ವರವೂ ಕುರಿಬೇನೆಯೂ ಮತ್ತೆ ಮತ್ತೆ ಬಂದು, ಜನ ಒಬ್ಬೊಬ್ಬರಾಗಿ ಬೆಟ್ಟ ಇಳಿದು ದಿಕ್ಕಾಪಾಲಾದರು. ಅಜ್ಜಿ ತೀರಿಕೊಂಡ ಮೇಲೆ ಮಾಳಿಂಗನೊಬ್ಬನೇ ಉಳಿದ. ಹೀಗೆ ಆರು ವರ್ಷ.

"ಅಕ್ಕಾ, ಈ ಒಗಟುಗಳನ್ನು ನಮ್ಮಜ್ಜಿ ಹೇಳುತ್ತಿದ್ದಳು" ಎಂದ. "ಅರಸನಿಗೆ ಇವನ್ನು ಹೇಳಿದವರು ಯಾರೋ ನಮ್ಮವರೇ ಇರಬೇಕು."

"ಹುಚ್ಚಪ್ಪಾ, ತಪ್ಪಿದರೆ ತಲೆ ಹೋಗುತ್ತೆ!"

"ನಮ್ಮವರು ಒಬ್ಬರಾದರೂ ಸಿಕ್ಕರೆ ಸಾಕಕ್ಕ" ಎಂದವನೇ ಗಡಿಗೆಯನ್ನು ಅಲ್ಲೇ ಬಿಟ್ಟು ಅರಮನೆಯತ್ತ ನಡೆದ.

ಕಂಬಳಿ ಹೊದ್ದವನನ್ನು ಕಂಡು ಸಭೆಯಲ್ಲಿ ಕೆಲವರು ನಕ್ಕರು. ಅರಸ ನಗಲಿಲ್ಲ. ಮೊದಲ ಒಗಟಿಗೆ ಮಾಳಿಂಗ, "ನಮ್ಮ ಗುಡಿಸಲ ಗೋಡೆ ಒಡೆಯಾ" ಎಂದ. "ಬೆಟ್ಟದ ಮೇಲೆ ಕುಡಿಯುವುದಕ್ಕೇ ನೀರು ಸಾಲದು, ಮಣ್ಣು ಕಲಸುವುದೆಲ್ಲಿ? ಕಲ್ಲಿನ ಮೇಲೆ ಕಲ್ಲು ಕೂರಿಸುತ್ತೇವೆ. ಸಂದಿಯಲ್ಲಿ ಗಾಳಿ ಹಾದುಹೋಗಲು ಬಿಟ್ಟರೆ ಗೋಡೆ ಬೀಳುವುದಿಲ್ಲ."

"ಎರಡನೆಯದು?"

"ಅದರ ಬಾಗಿಲು. ಚಳಿಗಾಳಿ ನುಗ್ಗದಂತೆ ಸೊಂಟದೆತ್ತರಕ್ಕೆ ಇಡುತ್ತೇವೆ. ಯಾರೇ ಆಗಲಿ ಬಗ್ಗಿಯೇ ಬರಬೇಕು."

ಅರಸ ಸಿಂಹಾಸನದ ಅಂಚಿಗೆ ಜರುಗಿದ. ಮೂರನೆಯದನ್ನು ಯಾರೂ ಕೇಳಿರಲಿಲ್ಲ. "ಇದ್ದಾಗ ಮನೆಯನ್ನು ಕಪ್ಪಾಗಿಸುತ್ತದೆ, ಹೋದರೆ ಮನೆಯನ್ನು ಕೊಲ್ಲುತ್ತದೆ. ಹಿಡಿಯಲು ಹೋದರೆ ಸಿಗದು, ಕಣಿವೆಯಾಚೆಯ ನೆಂಟನಿಗೆ ಮಾತ್ರ ನಾವಿದ್ದೇವೆ ಎಂದು ಹೇಳುತ್ತದೆ. ಏನದು?"

ಮಾಳಿಂಗ ಕಂಬಳಿಯ ಅಂಚನ್ನು ಮೂಗಿಗೆ ಒತ್ತಿಕೊಂಡ. ಉತ್ತರ ಗೊತ್ತಿತ್ತು. ಸಭೆಯಲ್ಲಿ ಗುಸುಗುಸು ಎದ್ದಿತು. ಕಾವಲಿನವನೊಬ್ಬ ಹತ್ತಿರ ಬಂದು ಅವನ ತೋಳು ಹಿಡಿದ.

"ಹೊಗೆ" ಎಂದ ಮಾಳಿಂಗ ಕೊನೆಗೆ. "ಒಲೆಯ ಹೊಗೆ, ಒಡೆಯಾ. ಬೆಳಿಗ್ಗೆ ಎದ್ದು ಆಚೆ ಬೆಟ್ಟದ ಹೊಗೆ ನೋಡಿ, ಅವರು ಚೆನ್ನಾಗಿದ್ದಾರೆ ಎನ್ನುತ್ತಿದ್ದಳು ಅಜ್ಜಿ. ಹೊಗೆಯಾಡದ ಗುಡಿಸಲ ಹುಲ್ಲಿಗೆ ಹುಳ ಹಿಡಿಯುತ್ತದೆ, ಮಳೆಗೆ ಸೂರು ಕುಸಿಯುತ್ತದೆ. ಅದಕ್ಕೇ ನಾನು ದಿನಕ್ಕೊಂದು ಮನೆಯಂತೆ ಎಲ್ಲರ ಮನೆಯಲ್ಲೂ ಒಲೆ ಹಚ್ಚುತ್ತೇನೆ. ಯಾರಾದರೂ ದೂರದಿಂದ ನೋಡಿ ವಾಪಸು ಬಂದಾರೇನೋ ಅಂತ. ಈವರೆಗೆ ಯಾರೂ ಬಂದಿಲ್ಲ."

ಅರಸ ಮೆಟ್ಟಿಲಿಳಿದು ಬಂದು ಅವನ ಎದುರು ನಿಂತ.

"ಬುದ್ಧೀ, ಇವನ್ನು ಹೇಳಿದವರು ಎಲ್ಲಿದ್ದಾರೆ?" ಎಂದು ಮಾಳಿಂಗ ಕೇಳಿದ.

"ಹೋದ ಸುಗ್ಗಿಯಲ್ಲಿ ತೀರಿಕೊಂಡಳಪ್ಪ. ನನ್ನ ರಾಣಿ. ಯಾವುದೋ ಜ್ವರದ ವರ್ಷ ದಾರಿಬದಿಯಲ್ಲಿ ಅಳುತ್ತಿದ್ದ ನಾಲ್ಕೈದು ವರ್ಷದ ಕೂಸನ್ನು ನನ್ನ ತಾಯಿ ತಂದು ಸಾಕಿದರು. ಊರ ಹೆಸರು ಅದಕ್ಕೆ ತಿಳಿಯದು. ಈ ಮೂರು ಒಗಟು, ಅವುಗಳ ಉತ್ತರ, ಇಷ್ಟೇ ಗೊತ್ತಿದ್ದದ್ದು. ಕೊನೆಯ ದಿನವೂ 'ನನ್ನವರನ್ನು ಹುಡುಕಿ' ಅಂದಳು. ಸುಳ್ಳು ನೆಂಟರು ಬರಬಾರದೆಂದು ತಲೆದಂಡ ಇಟ್ಟೆ."

ಮಾಳಿಂಗ ನೆಲ ನೋಡಿದ. ಒಬ್ಬರು ಸಿಕ್ಕಿದ್ದರು, ಸಿಕ್ಕ ಹೊತ್ತಿಗೇ ಇಲ್ಲವಾಗಿದ್ದರು.

"ಅರ್ಧ ರಾಜ್ಯ ನಿನ್ನದು" ಎಂದ ಅರಸ.

"ಅದನ್ನಿಟ್ಟುಕೊಂಡು ಏನು ಮಾಡಲಿ ಒಡೆಯಾ? ಸೆರೆಯಲ್ಲಿರುವ ಇಬ್ಬರನ್ನು ಬಿಟ್ಟುಬಿಡಿ. ನನಗೆ ಮಾತಾಡಲು ಜನ ಬೇಕು. ಹದ್ದಿನಹಟ್ಟಿಯವರು ಎಲ್ಲೇ ಇದ್ದರೂ ಮರಳಿ ಬರಲಿ ಅಂತ ಡಂಗುರ ಹೊಡೆಸಿ."

ಅಂದೇ ಸೆರೆಯ ಬಾಗಿಲು ತೆರೆಯಿತು. ಬೆಟ್ಟ, ಅದರ ಹುಲ್ಲುಗಾವಲು, ಇನ್ನೂರು ಕುರಿಗಳನ್ನು ಅರಸ ಹಟ್ಟಿಗೆ ಉಂಬಳಿ ಬಿಟ್ಟ. ಎಂಟು ಊರುಗಳಲ್ಲಿ ಡಂಗುರ ಸಾರಿದರು.

ಮೊದಲ ತಿಂಗಳು ಯಾರೂ ಬರಲಿಲ್ಲ. ಮಾಳಿಂಗ ದಿನವೂ ಬಂಡೆಯ ಮೇಲೆ ಕೂತು ಕಾಲುದಾರಿ ನೋಡಿದ. ಆಮೇಲೆ ಒಂದು ಮಧ್ಯಾಹ್ನ ಮುದುಕಿಯೊಬ್ಬಳು ಮಗ ಸೊಸೆಯರ ಜೊತೆ ಏದುಸಿರು ಬಿಡುತ್ತ ಹತ್ತಿ ಬಂದಳು. ಸುಗ್ಗಿಯ ಹೊತ್ತಿಗೆ ಏಳು ಮನೆಯವರು ಬಂದಿದ್ದರು.

ಕೊನೆಯ ಮನೆಯವರು ಬಂದ ವಾರದಲ್ಲೇ ಕುರಿರೊಪ್ಪದ ಜಾಗಕ್ಕಾಗಿ ಇಬ್ಬರು ಹೆಂಗಸರು ಕೈ ತಿರುವಿ ತಿರುವಿ ಜಗಳಕ್ಕೆ ನಿಂತರು. ಬಿಡಿಸಲು ಎಲ್ಲರೂ ಮಾಳಿಂಗನನ್ನು ಕರೆದರು. ಅವನು ಹೋದ. ಆದರೆ ಸ್ವಲ್ಪ ದೂರದಲ್ಲೇ ಕಂಬಳಿ ಹಾಸಿ ಕೂತು, ಗಲ್ಲಕ್ಕೆ ಕೈ ಕೊಟ್ಟು, ಆ ಜಗಳವನ್ನು ಒಂದು ಮಾತೂ ಬಿಡದೆ ಕೇಳಿದ.