ಬಾಯಿ ಮುಚ್ಚದ ರಿಲೇ

ಕರೆಂಟ್ ಕಾರೊಂದರಲ್ಲಿ ದೊಡ್ಡ ಬ್ಯಾಟರಿಯ ಬಾಗಿಲು ಕಾಯುವ ರಿಲೇ ಎಂಬ ಪುಟ್ಟ ಸ್ವಿಚ್ಚೊಂದಿತ್ತು. ಗುಂಡಿ ಒತ್ತಿದಾಗ ಅದು ಟಿಕ್ ಎಂದು ಒಮ್ಮೆ ಬಾಗಿಲು ತೆರೆದರೆ ಸಾಕು, ಕಾರು ಹೊರಡುತ್ತಿತ್ತು. ಆಯುಧಪೂಜೆಯ ಬೆಳಿಗ್ಗೆ ಮಾತ್ರ ಟಿಕ್ ಟಿಕ್ ಟಿಕ್ ಎಂದು ಬಡಿದುಕೊಂಡಿತೇ ಹೊರತು, ಕಾರು ಚಕ್ರದಡಿಯ ನಿಂಬೆಹಣ್ಣನ್ನೂ ಹಿಂಡಲಿಲ್ಲ.

“ಹಬ್ಬದ ದಿನ ಅಪಶಕುನ ನುಡಿಯಬೇಡ, ಬಾಯಿ ಮುಚ್ಚು! ಹೋದ ತಿಂಗಳು ಉಂಡ ಚಾರ್ಜಿನಿಂದ ನನ್ನ ಹೊಟ್ಟೆ ಇನ್ನೂ ತುಂಬಿದೆ,” ಎಂದು ದೊಡ್ಡ ಬ್ಯಾಟರಿ ಗದರಿತು.

“ತುಂಬಿರುವುದು ನಿಮ್ಮ ಹೊಟ್ಟೆ, ಸ್ವಾಮಿ. ಬಾಗಿಲು ತೆರೆಯಲು ನನಗೆ ಕಸುವು ಕೊಡುವುದು ಮೂಲೆಯ ಚಿಕ್ಕ ಬ್ಯಾಟರಿ. ತಿಂಗಳಿಂದ ಕಾರು ನಿಂತಲ್ಲೇ ನಿಂತು ಅದು ಸೊರಗಿಹೋಗಿದೆ. ಯಾರಾದರೂ ಕೇಳಿದಿರಾ?”

“ನನ್ನ ಸಲುವಾಗಿ ಬೈಸಿಕೊಳ್ಳಬೇಡ,” ಎಂದಿತು ಚಿಕ್ಕ ಬ್ಯಾಟರಿ, ಕ್ಷೀಣ ದನಿಯಲ್ಲಿ.

ಅಷ್ಟರಲ್ಲಿ ಮೆಕ್ಯಾನಿಕ್ ಗುರುಬಸಪ್ಪ ಬಂದ. “ಮೊದಲು ಆ ಟಿಕ್ ಟಿಕ್ ನಿಲ್ಲಸ್ರೀ,” ಎಂದಳು ಕಾರಿನ ಒಡತಿ ಸುಮಿತ್ರಕ್ಕ.

ಗುರುಬಸಪ್ಪ ರಿಲೇಯ ಮೇಲೆ ಬೆರಳಿಟ್ಟ.

“ಈಗಲಾದರೂ ಸುಮ್ಮನಿರು, ಕಿತ್ತು ಎಸೆಯುತ್ತಾನೆ!” ಎಂದಿತು ದೊಡ್ಡ ಬ್ಯಾಟರಿ.

“ಎಸೆಯಲಿ,” ಎಂದು ರಿಲೇ ಅವನ ಬೆರಳಡಿಯಲ್ಲೇ ಇನ್ನೂ ಜೋರಾಗಿ ಬಡಿಯಿತು.

ಗುರುಬಸಪ್ಪ ಕಿವಿಗೊಟ್ಟು ಕೇಳಿದ. “ಅಕ್ಕಾರ, ಇದನ್ನ ಕಿತ್ತರ ಸದ್ದು ನಿಲ್ತದ, ಕಾರು ಹೊಂಡೂದಿಲ್ಲ,” ಎಂದವನೇ ತನ್ನ ಜೀಪಿನಿಂದ ಕೇಬಲ್ ಎಳೆದು ಚಿಕ್ಕ ಬ್ಯಾಟರಿಗೆ ಜೋಡಿಸಿದ.

ಟಿಕ್. ಒಂದೇ ಸಲ. ನಿಂಬೆಹಣ್ಣು ಪಚಕ್ಕೆಂದಿತು.

“ಇನ್ನು ಸುಮ್ಮನಿರುತ್ತೀಯಷ್ಟೆ?” ಎಂದಿತು ದೊಡ್ಡ ಬ್ಯಾಟರಿ.

“ಇರುತ್ತೇನೆ,” ಎಂದಿತು ರಿಲೇ, “ಆ ಚಿಕ್ಕದರ ಹೊಟ್ಟೆ ತುಂಬಿರುವ ತನಕ.”