ಎರಡೆಲೆಯ ಅರಳಿ

“ಅಜ್ಜಾರ, ಹಳೇ ಛತ್ರಾ ಉಳಸಬೇಕೋ, ಕೆಡವಬೇಕೋ?” ಎಂದು ಗುರುಪಾದ ಕೇಳಿದ.

ಗುರುಪಾದ ಮಠದ ಶಿಷ್ಯ. ಪೇಟೆಯೊಳಗಿದ್ದ ಮಠದ ಛತ್ರದ ಉಸ್ತುವಾರಿಯನ್ನು ಮೂರು ವರ್ಷದಿಂದ ಅವನೇ ನೋಡುತ್ತಿದ್ದ. ಛತ್ರಕ್ಕೆ ನೂರು ವರ್ಷ ದಾಟಿತ್ತು. ಅರ್ಧ ಭಕ್ತರು ಅದನ್ನು ಕೆಡವಿ ನಾಲ್ಕು ಅಂತಸ್ತಿನ ಕಟ್ಟಡ ಎಬ್ಬಿಸಿ ಎನ್ನುತ್ತಿದ್ದರು. ಇನ್ನರ್ಧ ಭಕ್ತರು ಅದರ ಒಂದು ಕಲ್ಲನ್ನೂ ಮುಟ್ಟಕೂಡದು ಎನ್ನುತ್ತಿದ್ದರು. ಎರಡೂ ಕಡೆಯವರು ಇವನನ್ನೇ ಹಿಡಿದು ಜಗ್ಗುತ್ತಿದ್ದರು.

“ನಾ ಯಾರ ಮಾತು ಕೇಳಲಿ, ನೀವ ಹೇಳ್ರಿ,” ಎಂದ.

ಮಠದ ಸ್ವಾಮಿಗಳನ್ನು ಊರೆಲ್ಲ ಅಜ್ಜಾರು ಎಂದೇ ಕರೆಯುತ್ತಿತ್ತು. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುವ ಪದ್ಧತಿ ಅವರದಲ್ಲ. ಒಂದು ಕತೆ ಹೇಳಿದರು.

ಒಂದು ಕೋಟೆಯ ಊರು. ಅಲ್ಲಿ ಒಬ್ಬ ಗೌಂಡಿ. ಗೋಡೆ ಎಬ್ಬಿಸುವುದರಲ್ಲಿ, ಗಾರೆ ಬಳಿಯುವುದರಲ್ಲಿ ಅವನನ್ನು ಮೀರಿಸುವವರು ಸುತ್ತ ಹತ್ತೂರಲ್ಲಿ ಇರಲಿಲ್ಲ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ.

ಕೋಟೆಯೊಳಗೆ ಹಳೆಯದೊಂದು ಕಮಾನು ಪೇಟೆ ಇತ್ತು. ಸಾಲಾಗಿ ಇಪ್ಪತ್ತು ಕಮಾನು. ಒಂದೊಂದರ ಕೆಳಗೂ ಒಬ್ಬೊಬ್ಬರು ವ್ಯಾಪಾರಕ್ಕೆ ಕೂರುತ್ತಿದ್ದರು. ಹೂವಾಡಗಿತ್ತಿ, ಬಳೆಗಾರ, ಎಲೆಅಡಿಕೆಯವನು, ಪಾತ್ರೆಗೆ ಕಲಾಯಿ ಹಾಕುವವನು, ಹೀಗೆ. ಒಂದು ಮಳೆಗಾಲದಲ್ಲಿ ಗಾರೆಯ ಹೆಂಟೆ ಕಳಚಿ ಸಂತೆಗೆ ಬಂದವನೊಬ್ಬನ ಹೆಗಲ ಮೇಲೆ ಬಿತ್ತು. ಪುರಸಭೆ ಸೇರಿತು. ಕೆಡವಿಬಿಡೋಣ ಎಂದರು.

ಗೌಂಡಿ ಎದ್ದು ನಿಂತ. ಒಂದು ವರ್ಷ ಕೊಡಿ, ಕಟ್ಟಿದ ದಿನ ಹೇಗಿತ್ತೋ ಹಾಗೆ ಮಾಡಿ ಕೊಡುತ್ತೇನೆ, ಆದರೆ ಕೆಲಸ ಮುಗಿಯುವವರೆಗೆ ಒಳಗೆ ಒಂದು ನರಪಿಳ್ಳೆಯೂ ಇರಕೂಡದು ಎಂದ. ಪುರಸಭೆ ಒಪ್ಪಿತು. ವ್ಯಾಪಾರಿಗಳಿಗೆಲ್ಲ ಕೋಟೆಯ ಹೊರಗೆ, ಕೆರೆ ಏರಿಯ ಮೇಲೆ ತಗಡಿನ ಗೂಡುಗಳಾದವು. ಒಂದೇ ವರ್ಷ ಎಂದು ಹೇಳಿ ಕಳಿಸಿದರು. ಅವರು ಬುಟ್ಟಿ ಹೊತ್ತು ಹೋದರು.

ಗೌಂಡಿ ಕೆಲಸಕ್ಕೆ ಕೈಹಾಕಿದ. ಸುಣ್ಣವನ್ನು ಗುಂಡಿಯಲ್ಲಿ ತಿಂಗಳುಗಟ್ಟಲೆ ನೆನೆಹಾಕಿದ. ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿ ಗಾಣದಲ್ಲಿ ಬೆಣ್ಣೆಯ ಹಾಗೆ ಅರೆದ. ಬುಟ್ಟಿ, ಚೀಲ ತೂಗುಹಾಕಲು ವ್ಯಾಪಾರಿಗಳು ಹೊಡೆದಿದ್ದ ಗೂಟಗಳನ್ನೆಲ್ಲ ಕಿತ್ತು ತೂತು ಮುಚ್ಚಿದ. ದೀಪದ ಮಸಿ ಕೆರೆದ. ಎಲೆ ಹಾಕಿದವರು ಬೆರಳಿಗಂಟಿದ ಸುಣ್ಣವನ್ನು ಕಂಬಕ್ಕೆ ಒರೆಸಿ ಹೋಗುವುದುಂಟಲ್ಲ, ಮೂರು ತಲೆಮಾರಿನ ಆ ಸುಣ್ಣವನ್ನು ಉಳಿಯಿಂದ ಎಬ್ಬಿಸುತ್ತ, ಒರೆಸಿದವರ ಮನೆತನಗಳನ್ನೆಲ್ಲ ಬಯ್ದ.

ವರ್ಷ ತುಂಬಿತು. ನೋಡಲು ಬಂದವರು ಮೂಗಿನ ಮೇಲೆ ಬೆರಳಿಟ್ಟರು. ಗೌಂಡಿಗೆ ಕಣ್ಣು ತುಂಬಿ ಬಂತು. ಅವನು ಎಡವಿದ್ದು ಆಗಲೇ. ಮತ್ತೆ ಗೂಟ, ಮತ್ತೆ ಮಸಿ, ಮತ್ತೆ ಸುಣ್ಣದ ಬೆರಳು ಎಂದು ನೆನೆದು ಸಿಟ್ಟಾದ. ವ್ಯಾಪಾರಿಗಳು ಬಂದರೆ ಮತ್ತೆ ಕೆಡಿಸುತ್ತಾರೆ, ಬೀಗ ಹಾಕಿಡಿ, ನೋಡುವವರು ಹೊರಗಿನಿಂದ ನೋಡಲಿ ಎಂದ. ಪುರಸಭೆಗೂ ಅದು ಹಿಡಿಸಿತು. ಕಬ್ಬಿಣದ ಬಾಗಿಲು ಬಂತು, ಒಬ್ಬ ಕಾವಲುಗಾರ ಬಂದ. ಏರಿಯ ಮೇಲಿನವರಿಗೆ ಮಾತ್ರ ಆ ಒಂದು ವರ್ಷ ಮುಗಿಯಲೇ ಇಲ್ಲ.

ಹೆಸರು ಬಂದ ಮೇಲೆ ಕೇಳಬೇಕೆ? ಗೌಂಡಿಯನ್ನು ಊರೂರಿನವರು ಕರೆದರು. ಅವನು ಹೋದ. ನಾಲ್ಕು ಮಳೆಗಾಲ ಕಳೆದವು. ಒಂದು ದಿನ ಅವನಿಗೆ ಸುದ್ದಿ ಮುಟ್ಟಿತು: ಕಮಾನು ಬಿರುಕು ಬಿಟ್ಟಿದೆ, ಮಳೆಗೆ ಮುಂಚೆ ಪೇಟೆಯನ್ನು ಕೆಡವಲು ಪುರಸಭೆ ತೀರ್ಮಾನಿಸಿದೆ.

ಓಡಿ ಬಂದ. ಏಳನೆಯ ಕಮಾನಿಗೂ ಎಂಟನೆಯದಕ್ಕೂ ನಡುವೆ ಆಳೆತ್ತರದ ಅರಳಿ ಗಿಡ ನಿಂತಿತ್ತು. ಬೇರು ಇಳಿದು ಏಳನೆಯ ಕಮಾನನ್ನು ಅಂಗೈ ಹೋಗುವಷ್ಟು ಸೀಳಿತ್ತು. ಗಿಡಕ್ಕೆ ಅರಿಶಿನದ ದಾರ, ಕುಂಕುಮ.

“ಸಣ್ಣದಿದ್ದಾಗ ಕಿತ್ತೊಗೀಲಿಕ್ಕೆ ಏನಾಗಿತ್ತೋ ನಿನಗ?” ಎಂದು ಕಾವಲುಗಾರನ ಮೇಲೆ ಹರಿಹಾಯ್ದ.

“ಅರಳಿ ರೀ ಅದು. ಕೀಳಾಕ ನನಗೇನ ಹುಚ್ಚ ಹಿಡದೈತೇನು? ಒಂದು ಶನಿವಾರ ತಪ್ಪಿಸಿಲ್ಲ, ತಂಬಿಗಿ ನೀರು ಹಾಕೇನಿ. ಸುತ್ತು ಬರಾಕ ಗ್ವಾಡಿ ಅಡ್ಡ ಐತಿ ಅಂತ ನಿಂತಲ್ಲೇ ಸುತ್ತತೇನಿ.”

ಗೌಂಡಿ ಕೊಡಲಿ ಎತ್ತಿದ. ಎತ್ತಿದ ಕೈ ಇಳಿಯಲಿಲ್ಲ. ಅವನೂ ಅದೇ ನೆಲದವನು ತಾನೇ. ದೇವರನ್ನು ಎಬ್ಬಿಸಬೇಕಾದರೆ ಅಪ್ಪಣೆ ಬೇಕು. ಹೂವಿಟ್ಟು ಕೈಮುಗಿದು ಕಾಯಬೇಕು, ಹೂವು ಬಲಕ್ಕೆ ಬಿದ್ದರೆ ಆಯಿತು ಎಂದರ್ಥ. ಹೂವು ತರಲು ಅವನು ಏರಿಯ ಕಡೆ ನಡೆದ.

ತಗಡಿನ ಗೂಡಿನಲ್ಲಿ ಹೂವಾಡಗಿತ್ತಿ ಒದ್ದೆ ಅರಿವೆ ಹೊದಿಸಿ ಹೂವು ಕಾಪಾಡಿಕೊಳ್ಳುತ್ತಿದ್ದಳು. ತಲೆ ನರೆತ ಹೆಂಗಸು. ಹೂವು ಯಾತಕ್ಕೆ ಎಂದು ಕೇಳಿದಳು. ಅವನು ಹೇಳಿದ.

“ಆ ಎಂಟನೇ ಕಮಾನಿನ ಕೆಳಗ ನಾನ ಕುಂದರತಿದ್ದೆ,” ಎಂದಳು. “ಮುಂಜಾನೆ ನೀರು ಹೊಡಿಯೂ ಮುಂದ ಸಂದಿಯೊಳಗ ಎರಡೆಲಿ ಕಂಡ್ರ ಉಗುರ್ಲೆ ಚಿವುಟಿ ಒಗೀತಿದ್ದೆ. ನಮ್ಮವ್ವನೂ ಒಗೀತಿದ್ಲು. ಎರಡೆಲಿ ಇದ್ದಾಗ ಅದು ಕಸ. ಆಳೆತ್ತರ ಆತಂದ್ರ ದೇವ್ರು.”

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಂದರು ಎನ್ನುತ್ತಾರೆ. ಗೌಂಡಿಯ ಕೈಯಲ್ಲಿ ಕೊಡಲಿ ಇನ್ನೂ ಇತ್ತು. ಅದನ್ನು ಕೆಳಗಿಟ್ಟ.

ಆಕೆ ಎಲೆಯಲ್ಲಿ ಹೂವು ಕಟ್ಟಿದಳು, ಕೊಡಲಿಲ್ಲ. “ಗಿಡಾ ಎಬ್ಬಸಾಕ ಹೂವಿಟ್ಟು ಅಪ್ಪಣಿ ಕೇಳ್ತೀರಿ. ನಮ್ಮನ್ನ ಎಬ್ಬಸೂ ಮುಂದ ಒಬ್ಬರರ ಕೇಳಿದ್ರೇನು?”

ಎಲ್ಲರಿಗೂ ಎದುರುತ್ತರ ಕೊಡುತ್ತಿದ್ದವನಿಗೆ ನಾಚಿಕೆಯಾಯಿತು. ಏರಿಯ ಧೂಳಿನಲ್ಲೇ ಆಕೆಯ ಎದುರು ಕೂತ. ಆಕೆಯ ಕೈಯಲ್ಲಿದ್ದ ಎಲೆಯೊಳಗಿನಿಂದ ಒಂದು ಹೂವು ತೆಗೆದು ಆಕೆಯ ಮುಂದಿಟ್ಟ.

“ಅವತ್ತ ಕೇಳಬೇಕಾಗಿತ್ತು, ಕೇಳಲಿಲ್ಲ. ಇವತ್ತ ಕೇಳ್ತೀನಿ ಯವ್ವಾ. ಬರ್ತೀಯೇನು?”

ಆಕೆ ಆ ಹೂವು ಬಾಡೀತು ಎಂದು ತೆಗೆದು ಬುಟ್ಟಿಗೆ ಹಾಕಿಕೊಂಡಳು. “ಬರ್ತೀನಿ. ಗೂಟಾ ಹೊಡದು ಕೊಡು. ಬುಟ್ಟಿ ಎಲ್ಲಿ ತೂಗಹಾಕಲಿ?”

ಗೌಂಡಿ ಅಂದೇ ಗೂಡು ಗೂಡಿಗೂ ಹೋಗಿ ಉಳಿದ ಹತ್ತೊಂಬತ್ತು ಜನರನ್ನು ಕೇಳಿದ. ಕೆಲವರು ಬಯ್ದರು. ಬಯ್ಯಿಸಿಕೊಂಡ. ಆಮೇಲೆ ಪುರಸಭೆಗೆ ಹೋಗಿ ಪೇಟೆಯ ಕೀಲಿ ಕೇಳಿದ. ಆ ಮಂದಿ ಒಳಗೆ ಬಂದರೆ ಪೇಟೆಯನ್ನು ಕೆಡಿಸುತ್ತಾರೆ ಎಂದು ನೀನೇ ಹೇಳಿದ್ದೆಯಲ್ಲ ಎಂದು ಅವರು ನಕ್ಕರು.

“ಕೆಡಸಲಿ,” ಎಂದ ಗೌಂಡಿ. “ಮಂದಿ ಇದ್ದು ಕೆಟ್ಟದ್ದನ್ನ ನೆಟ್ಟಗ ಮಾಡೂದು ನನ್ನ ಕಸಬು. ಮಂದಿ ಇಲ್ಲದ ಕೆಟ್ಟದ್ದಕ್ಕ ನನ್ನ ಹತ್ರ ಗಾರಿ ಇಲ್ಲ.”

ಪುರಸಭೆ ಒಂದು ಮಳೆಗಾಲ ಕೊಟ್ಟಿತು. ಮಳೆ ನಿಂತ ಮೇಲೆ ಮತ್ತೆ ಬಿರುಕು ಕಂಡರೆ ಕೆಡವುವುದೇ ಎಂದಿತು.

ಅರಳಿಗೆ ಹೂವಿಟ್ಟು ಕೇಳಿದರು. ಹೂವು ಬಲಕ್ಕೆ ಬಿತ್ತು. ಗಾಳಿಗೆ ಬಿತ್ತು ಎಂದವರೂ ಇದ್ದರು, ಗಾಳಿಯೇನು ಪುರಸಭೆಯದೇ? ಬೇರು ಬಿಡಿಸಿಕೊಂಡು ಹೋಗಿ ಗಿಡವನ್ನು ಕೆರೆ ಏರಿಯ ಮೇಲೆ ನೆಟ್ಟು ಕಟ್ಟೆ ಕಟ್ಟಿದರು. ಅದು ಚಿಗುರಿತು. ಕಾವಲುಗಾರ ಈಗ ಅಲ್ಲಿ ಸರಿಯಾಗಿ ಸುತ್ತು ಬರುತ್ತಾನೆ.

ಏಳನೆಯ ಕಮಾನನ್ನು ಬಿಚ್ಚಿ ಹೊಸದಾಗಿ ಕಟ್ಟಬೇಕಾಯಿತು. ಅದರ ಬಣ್ಣ ಉಳಿದವುಗಳ ಜೊತೆ ಕೂಡಲಿಲ್ಲ. ಕೂಡದಿದ್ದರೆ ಬೇಡ ಎಂದು ಗೌಂಡಿ ಹಾಗೇ ಬಿಟ್ಟ. ಬಳೆಗಾರನಿಗೆ ಏರಿಯ ಮೇಲೆಯೇ ವ್ಯಾಪಾರ ಕುದುರಿತ್ತು, ಅವನೊಬ್ಬ ಬರಲಿಲ್ಲ. ಅವನ ಜಾಗಕ್ಕೆ ಮೊಬೈಲ್ ರಿಪೇರಿಯವನು ಬಂದ. ಅವನಿಗೆ ಕರೆಂಟಿನ ತಂತಿ ಬೇಕಿತ್ತು. ಗೌಂಡಿ ಮೊದಲು ಮುಖ ಸಿಂಡರಿಸಿದ, ಆಮೇಲೆ ತಾನೇ ಉಳಿ ಹಿಡಿದು ತಂತಿ ಹೋಗಲು ಗಾರೆಯಲ್ಲಿ ಗೀರು ಕೊರೆದು ಕೊಟ್ಟ. ಗೂಟಗಳನ್ನೂ ತಾನೇ ಹೊಡೆದ. ಎಲ್ಲಿ ಹೊಡೆಯಲಿ ಎಂದು ಒಬ್ಬೊಬ್ಬರನ್ನೂ ಕೇಳಿ ಹೊಡೆದ.

ಮಳೆಗಾಲ ಬಂತು. ಈ ಸಲ ಗೌಂಡಿ ಬೇರೆ ಊರಿಗೆ ಹೋಗಲಿಲ್ಲ. ದೊಡ್ಡ ಮಳೆ ಬಿದ್ದ ದಿನವೆಲ್ಲ ಪೇಟೆಯ ಸುತ್ತಲೇ ಅಡ್ಡಾಡಿದ. ಶ್ರಾವಣದಲ್ಲಿ ಒಂದು ಮುಂಜಾನೆ ಮೊದಲ ಕಮಾನಿನಿಂದ ಕೊನೆಯ ಕಮಾನಿನವರೆಗೆ ಸಂದಿ ಸಂದಿಯನ್ನೂ ನೋಡುತ್ತ ನಡೆದ. ಒಂದು ಚಿಗುರೂ ಸಿಗಲಿಲ್ಲ. ಅವನು ಏಳುವ ಮೊದಲೇ ಇಪ್ಪತ್ತು ಜನ ತಂತಮ್ಮ ಜಾಗ ಗುಡಿಸಿ, ನೀರು ಹೊಡೆದು, ಚಿವುಟಿ ಎಸೆದಾಗಿತ್ತು. ಮಳೆ ನಿಂತಿತು. ಪುರಸಭೆಯವರು ಬಂದು ಬಿರುಕು ಹುಡುಕಿದರು, ಸಿಗಲಿಲ್ಲ. ಬಂದವರು ಹಾಗೇ ಹೂವು, ಎಲೆಅಡಿಕೆ ಕೊಂಡು ಹೋದರು.

ಅಜ್ಜಾರು ಕತೆ ನಿಲ್ಲಿಸಿದರು.

ಗುರುಪಾದನ ಮುಖ ಅರಳಿತು. “ಹಂಗಾರ ಉಳಸಬೇಕು ಅಂದಂಗಾತು, ಅಜ್ಜಾರ. ನಾಳೆನೇ ಭಕ್ತರ ಸಭೆ ಕರೀತೀನಿ.”

“ಕರೀವಂತಿ. ಛತ್ರದಾಗ ದಿನಾ ಕಸಾ ಹೊಡಿಯೂ ಆ ಹೆಣ್ಮಗಳ ಹೆಸರೇನು?” ಎಂದು ಅಜ್ಜಾರು ಕೇಳಿದರು.

ಮೂರು ವರ್ಷದಲ್ಲಿ ಒಮ್ಮೆಯೂ ಕೇಳಿರದ ಗುರುಪಾದ, ಕೇಳಿಕೊಂಡು ಬರಲು ಎದ್ದು ಛತ್ರದ ಕಡೆ ನಡೆದ.