ಎಮ್ಮೆಯಮ್ಮ ತೋರಿಸಿದ ದಾರಿ

“ಅಮ್ಮಾ, ಹಿಮಾಲಯಕ್ಕೆ ಯಾವ ಕಡೆ ಹೋಗಬೇಕು?” ಗುಂಪಿನಿಂದ ಹಿಂದುಳಿದು ದಾರಿ ತಪ್ಪಿದ್ದ ಎಳೆಯ ಹೆಬ್ಬಾತು, ಕೆರೆಯಲ್ಲಿ ಮಲಗಿದ್ದ ಎಮ್ಮೆಯಮ್ಮನನ್ನು ಕೇಳಿದಳು.

“ಉತ್ತರಕ್ಕೆ. ಆದರೆ ಆ ರೆಕ್ಕೆಯಲ್ಲಿ ನೀನು ಆಚೆ ದಡಕ್ಕೂ ಹೋಗಲಾರೆ, ತಾಯಿ. ಹೊಟ್ಟೆ ತುಂಬ ಉಂಡು ಎಷ್ಟು ಕಾಲವಾಯಿತು?”

“ಚಳಿಗಾಲ ಪೂರ್ತಿ. ಹೋದ ವರ್ಷ ಕಡ್ಡಿಯಂತಿದ್ದೆ, ಎಲ್ಲರಿಗಿಂತ ಮುಂದೆ ಹಾರುತ್ತಿದ್ದೆ. ಈ ವರ್ಷ ಎದೆ, ಸೊಂಟ ತುಂಬಿಕೊಂಡವು. ನಮ್ಮ ಮುಂದಾಳು ಎಲ್ಲರೆದುರು ನನ್ನನ್ನು…” ಹುಡುಗಿ ನಾಲಿಗೆ ಕಚ್ಚಿಕೊಂಡಳು.

“ಎಮ್ಮೆ ಅಂದನೇನು? ಅನ್ನಲಿ ಬಿಡು, ಹಾಗಂದವರಲ್ಲಿ ಅವನೇ ಮೊದಲಿಗನಲ್ಲ.” ಎಮ್ಮೆಯಮ್ಮ ಬೇಸತ್ತು ಕಿವಿಯ ನೊಣ ಕೊಡವಿದಳು. “ಪ್ರತಿ ಬೇಸಿಗೆಯಲ್ಲೂ ನಿನ್ನಂಥವಳೊಬ್ಬಳು ಇಲ್ಲಿ ಬಂದು ಬೀಳುತ್ತಾಳೆ. ಮೈ ತುಂಬಿಕೊಂಡು ಹೊರಟವರು ಮಾತ್ರ ಮರುವರ್ಷ ಮರಿಗಳ ಜತೆ ಬರುತ್ತಾರೆ. ಹಿಮದ ಮೇಲೆ ಹಾರುವಾಗ ಮೇವೆಲ್ಲಿದೆ? ಮೈಯಲ್ಲಿ ಹೊತ್ತು ತಂದದ್ದೇ ಊಟ.”

ಹುಡುಗಿ ರೆಕ್ಕೆ ಬಿಚ್ಚಿದಳು. ಗರಿಗಳು ನೀರಿಗೆ ಉದುರಿದವು. ಅವುಗಳ ಜಾಗದಲ್ಲಿ ಹೊಸವು ಮೊಳೆತಿರಲಿಲ್ಲ.

“ನಮ್ಮ ಗುಂಪು ನನಗಾಗಿ ಕಾಯುವುದಿಲ್ಲ.”

“ಕೊನೆಯ ಗುಂಪು ಇನ್ನೂ ಬರಬೇಕು. ಅವರು ತಿಂದು, ದಣಿವಾರಿಸಿಕೊಂಡು ಹೊರಡುವವರು. ಕೊಯ್ದ ಗದ್ದೆ ಅಗೋ ಅಲ್ಲಿದೆ.”

ಅಷ್ಟರಲ್ಲಿ ಮುಂದಾಳು ಹುಡುಕಿಕೊಂಡು ಬಂದು ಮೇಲಿನಿಂದಲೇ ಕೂಗಿದ: “ಈಗ ಸಪೂರವಾಗಿದ್ದೀ, ಚೆನ್ನಾಗಿದೆ. ಬಾ, ಇನ್ನು ನೀನೇ ಎಲ್ಲರಿಗಿಂತ ಮುಂದೆ.”

ಆ ಮಾತಿಗಾಗಿ ಅವಳು ಚಳಿಗಾಲವಿಡೀ ಕಾದಿದ್ದಳು.

“ನೀವು ನಡೆಯಿರಿ. ನನಗೆ ಇಲ್ಲೊಂದು ಬಾಕಿಯಿದೆ,” ಎಂದವಳು ಗದ್ದೆಗಿಳಿದು, ತನ್ನ ಹೊಟ್ಟೆಗೆ ಕೊಡದೆ ಉಳಿಸಿಕೊಂಡಿದ್ದ ಸಾಲವನ್ನು ಒಂದೊಂದೇ ಕಾಳಾಗಿ ತೀರಿಸತೊಡಗಿದಳು.